ಮೂರು ಸರಪಳಿ, ಹತ್ತು ಔಷಧಿ: ಡಿಮೆನ್ಷಿಯಾ ಇರುವ ನಿವಾಸಿಯೊಬ್ಬರ ಮಾತ್ರೆ ಇಳಿಸಿದ ಪ್ರಕರಣ

ಈ ಪ್ರಕರಣದ ನಿವಾಸಿ ಯಾರೋ ಒಬ್ಬರೇ ಅಲ್ಲ. ಕರ್ನಾಟಕದ ನಗರಗಳ ಆರೈಕೆ ಕೇಂದ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಬ್ಬ ವ್ಯಕ್ತಿಯ ಸುತ್ತ ಜೋಡಿಸಿದೆ. ಔಷಧಿ, ಪ್ರಮಾಣ, ಇಳಿಸಿದ ಕ್ರಮ, ನಡುವೆ ಎದುರಾದ ತೊಡಕು ಎಲ್ಲವೂ ವೃತ್ತಿಯಲ್ಲಿ ನಡೆಯುವ ಹಾಗೆಯೇ ಇವೆ. ಇಲ್ಲಿನ ಯಾವ ಬದಲಾವಣೆಯನ್ನೂ ವೈದ್ಯರ ಸಹಿ ಇಲ್ಲದೆ ಮಾಡುವಂತಿಲ್ಲ.

ನಿವಾಸಿ ಮತ್ತು ದೂರು

79 ವರ್ಷ, ಶಿರಸಿ ಕಡೆಯ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಆರು ವರ್ಷದಿಂದ ಆಲ್ಝೈಮರ್ ಬಗೆಯ ಡಿಮೆನ್ಷಿಯಾ. ಈಗ ಮಧ್ಯಮ ಹಂತ ದಾಟಿ ತೀವ್ರದ ಕಡೆ ಹೊರಳಿದೆ. ಗಂಡ ತೀರಿಕೊಂಡಿದ್ದಾರೆ. ಮಗ ಅಮೆರಿಕದಲ್ಲಿ, ಮಗಳು ಹುಬ್ಬಳ್ಳಿಯಲ್ಲಿ. 32 ಹಾಸಿಗೆಯ ಖಾಸಗಿ ಆರೈಕೆ ಕೇಂದ್ರದಲ್ಲಿ ಒಂದು ವರ್ಷದಿಂದ ಇದ್ದಾರೆ. ತೂಕ 46 ಕೆಜಿ. ಆರು ತಿಂಗಳ ಹಿಂದೆ 51 ಇತ್ತು.

ಸಿಬ್ಬಂದಿಯ ದೂರು ಹೀಗಿತ್ತು: ಸ್ನಾನಕ್ಕೆ ಎಬ್ಬಿಸಿದರೆ ಹೊಡೆಯುತ್ತಾರೆ, ಕಚ್ಚುತ್ತಾರೆ. ಸಂಜೆ ಕೂಗುತ್ತಾರೆ. ರಾತ್ರಿ ನಿದ್ದೆ ಇಲ್ಲ. ಇದಕ್ಕೆಲ್ಲ ಇನ್ನಷ್ಟು ಗಟ್ಟಿ ಮಾತ್ರೆ ಬೇಕು. ದೂರಿನಲ್ಲಿ ಬಾರದ ಸಂಗತಿಗಳು ಬೇರೆ ಇದ್ದವು. ಮೂರು ವಾರದಲ್ಲಿ ಎರಡು ಸಲ ಬಿದ್ದಿದ್ದರು. ಹಗಲು ನಾಲ್ಕೈದು ಗಂಟೆ ಕುರ್ಚಿಯಲ್ಲೇ ತೂಕಡಿಕೆ. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಅನ್ನ ಬಾಯಲ್ಲೇ ಉಳಿಯುತ್ತಿತ್ತು, ಕಾಲೆಳೆದು ನಡೆಯುತ್ತಿದ್ದರು. ಗದ್ದಲ ಮಾಡುವ ಲಕ್ಷಣ ಎಲ್ಲರಿಗೂ ಕಾಣುತ್ತದೆ. ಸದ್ದಿಲ್ಲದ ಲಕ್ಷಣ ಕೇಸ್ ಶೀಟಿಗೆ ಬರುವುದೇ ಇಲ್ಲ. ಬರಬೇಕಾದದ್ದು ಮೊದಲು ಅದೇ.

ಔಷಧಿ ಪಟ್ಟಿ

ದಿನಕ್ಕೆ ಹತ್ತು ಔಷಧಿ. ರಾತ್ರಿ ರಿಸ್ಪೆರಿಡೋನ್ 2 ಮಿ.ಗ್ರಾಂ ಮತ್ತು ಟ್ರೈಹೆಕ್ಸಿಫೆನಿಡಿಲ್ 2 ಮಿ.ಗ್ರಾಂ ಒಟ್ಟಿಗೆ ಸೇರಿದ ಒಂದು ಮಾತ್ರೆ. ರಾತ್ರಿಯೇ ಕ್ವೆಟಿಯಾಪಿನ್ 50, ನಿದ್ದೆಗೆ ಕ್ಲೋನಾಜೆಪಾಮ್ 0.5, ನೆನಪಿಗೆ ಡೊನೆಪೆಜಿಲ್ 10 ಮಿ.ಗ್ರಾಂ. ರಿಸ್ಪೆರಿಡೋನ್, ಕ್ವೆಟಿಯಾಪಿನ್ ಎರಡೂ ಆಂಟಿಸೈಕೋಟಿಕ್, ಅಂದರೆ ಭ್ರಮೆ, ತೀವ್ರ ಉದ್ರೇಕ ತಗ್ಗಿಸಲು ಕೊಡುವ ಗುಂಪಿನವು. ಮೂತ್ರದ ಅವಸರಕ್ಕೆ ಸೋಲಿಫೆನಾಸಿನ್ 5. ತಲೆಸುತ್ತಿಗೆ ಸಿನ್ನಾರಿಜಿನ್ 25, ದಿನಕ್ಕೆ ಮೂರು ಸಲ. ಬಿಪಿಗೆ ಟೆಲ್ಮಿಸಾರ್ಟನ್ 40 ಜೊತೆ ಹೈಡ್ರೋಕ್ಲೋರೋಥಯಾಜೈಡ್ 12.5. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ 500 ಎರಡು ಸಲ, ಹೊಟ್ಟೆಯ ಆಮ್ಲಕ್ಕೆ ಪ್ಯಾಂಟೊಪ್ರಜೋಲ್, ಕ್ಯಾಲ್ಸಿಯಂ. ಇದಲ್ಲದೆ ಒಂದು ಎಸ್‌ಒಎಸ್, ಅಂದರೆ ಬೇಕೆಂದಾಗ ಮಾತ್ರ ಕೊಡುವ ಆದೇಶ: ನಿದ್ದೆ ಬಾರದಿದ್ದರೆ ಕ್ಲೋನಾಜೆಪಾಮ್ ಇನ್ನೂ 0.25.

ನೋವಿಗೆ ಏನೂ ಇರಲಿಲ್ಲ. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ, ಎರಡೂ ಮಂಡಿ ಸವೆದ ವ್ಯಕ್ತಿಯ ಪಟ್ಟಿಯಲ್ಲಿ ಒಂದು ಪ್ಯಾರಾಸಿಟಮಾಲ್ ಕೂಡ ಇಲ್ಲ.

ಪಟ್ಟಿ ಕೈಗೆ ಬಂದಾಗ ಒಂದೊಂದು ಔಷಧಿಯ ಎದುರೂ ನಾಲ್ಕು ಪ್ರಶ್ನೆ ಬರೆಯಬೇಕು: ಯಾವಾಗ ಶುರುವಾಯಿತು, ಯಾವ ಲಕ್ಷಣಕ್ಕೆ, ಆ ಲಕ್ಷಣ ಈಗ ಇದೆಯೇ, ನಿಲ್ಲಿಸುವ ದಿನ ಯಾರಾದರೂ ಬರೆದಿದ್ದಾರೆಯೇ. ಹಳೆಯ ಚೀಟಿಗಳನ್ನು ತಾರೀಕಿನ ಪ್ರಕಾರ ಹಾಸಿ ಕೂತರೆ ಉತ್ತರ ಸಿಗುತ್ತದೆ. ಈ ಪ್ರಕರಣದಲ್ಲಿ ಮೂರು ಸರಪಳಿ ಕಂಡವು: ಒಂದು ಔಷಧಿ ತಂದ ತೊಂದರೆಗೆ ಇನ್ನೊಂದು ಔಷಧಿ ಸೇರುತ್ತ ಹೋದದ್ದು.

ಮೊದಲನೆಯದು ರಿಸ್ಪೆರಿಡೋನಿನದು. 14 ತಿಂಗಳ ಹಿಂದೆ ಸೊಂಟದ ಶಸ್ತ್ರಚಿಕಿತ್ಸೆಯ ಮೂರನೇ ರಾತ್ರಿ ಸನ್ನಿ ಬಂದು, ಡ್ರಿಪ್ ಕಿತ್ತೆಸೆದಾಗ ಆಸ್ಪತ್ರೆಯಲ್ಲಿ ಶುರುವಾದದ್ದು. ಡಿಸ್ಚಾರ್ಜ್ ಚೀಟಿಯಲ್ಲಿ ‘ಮುಂದುವರಿಸಿ’ ಎಂದಿತ್ತು, ಎಲ್ಲಿಯವರೆಗೆ ಎಂದಿರಲಿಲ್ಲ. ಸನ್ನಿ ಸಾಮಾನ್ಯವಾಗಿ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರದಲ್ಲಿ ಇಳಿಯುತ್ತದೆ. ಮಾತ್ರೆ ಮಾತ್ರ ಉಳಿಯಿತು. 2 ಮಿ.ಗ್ರಾಂ ಎಂಬುದು ಡಿಮೆನ್ಷಿಯಾ ಇರುವವರಿಗೆ ಬಹಳ ಹೆಚ್ಚು, ಶುರುಮಾಡುವುದೇ 0.25ರಿಂದ, 1 ಮಿ.ಗ್ರಾಂ ದಾಟುವ ಅಗತ್ಯ ವಿರಳ. ಈ ಪ್ರಮಾಣಕ್ಕೆ ಮೈ ಬಿಗಿಯುತ್ತದೆಂದೇ ಟ್ರೈಹೆಕ್ಸಿಫೆನಿಡಿಲ್ ಸೇರಿಸಿದ ಮಾತ್ರೆ ನಮ್ಮಲ್ಲಿ ಸಲೀಸಾಗಿ ಬರೆಯಲ್ಪಡುತ್ತದೆ. ಆದರೆ ಟ್ರೈಹೆಕ್ಸಿಫೆನಿಡಿಲ್ ಮೆದುಳಿನಲ್ಲಿ ಅಸಿಟೈಲ್‌ಕೋಲಿನ್ ಎಂಬ, ನರಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕದ ಕೆಲಸಕ್ಕೆ ತಡೆ ಒಡ್ಡುತ್ತದೆ. ನೆನಪಿನ ಕಾಯಿಲೆಯಲ್ಲಿ ಮೊದಲೇ ಕೊರತೆ ಇರುವುದು ಅದಕ್ಕೇ. ಗೊಂದಲ, ಮಲಬದ್ಧತೆ, ಮೂತ್ರ ಕಟ್ಟುವುದು, ಬಾಯಿ ಒಣಗುವುದು ಅದರ ಜೊತೆಗೇ ಬರುತ್ತವೆ.

ಎರಡನೆಯದು ಡೊನೆಪೆಜಿಲ್‌ನದು. ಅದು ಅಸಿಟೈಲ್‌ಕೋಲಿನ್ ಹೆಚ್ಚಿಸುವ ಔಷಧಿ. 10 ಮಿ.ಗ್ರಾಂಗೆ ಏರಿಸಿದ ಎರಡು ತಿಂಗಳಿಗೆ ಮೂತ್ರದ ಅವಸರ ಹೆಚ್ಚಿತು. ಅದಕ್ಕೆ ಸೋಲಿಫೆನಾಸಿನ್ ಬಂತು, ಅದು ಅದೇ ಅಸಿಟೈಲ್‌ಕೋಲಿನ್ ತಡೆಯುವ ಔಷಧಿ. ಒಂದು ಮಾತ್ರೆ ಕೊಡುವುದನ್ನು ಇನ್ನೊಂದು ಕಿತ್ತುಕೊಳ್ಳುತ್ತಿತ್ತು, ದುಡ್ಡು ಎರಡಕ್ಕೂ ಹೋಗುತ್ತಿತ್ತು.

ಮೂರನೆಯದು ತಲೆಸುತ್ತಿನದು. ರಿಸ್ಪೆರಿಡೋನ್, ಕ್ವೆಟಿಯಾಪಿನ್, ಬಿಪಿ ಮಾತ್ರೆ ಮೂರೂ ಸೇರಿ ಎದ್ದು ನಿಂತ ಕೂಡಲೇ ಬಿಪಿ ಇಳಿಸುತ್ತಿದ್ದವು. ಅದನ್ನು ಅಳೆಯದೆ ‘ತಲೆಸುತ್ತು’ ಎಂದು ಸಿನ್ನಾರಿಜಿನ್ ಕೊಟ್ಟರು. ಸಿನ್ನಾರಿಜಿನ್, ಮೈ ಚಲನೆಗೆ ಬೇಕಾದ ಡೋಪಮಿನ್ ಎಂಬ ಮೆದುಳಿನ ರಾಸಾಯನಿಕವನ್ನು ತಡೆಯುತ್ತದೆ. ವಯಸ್ಸಾದವರಲ್ಲಿ ತಿಂಗಳುಗಟ್ಟಲೆ ಕೊಟ್ಟರೆ ಪಾರ್ಕಿನ್ಸನ್ ಥರದ ಬಿಗಿತ ತರಿಸಬಲ್ಲದು. ರಿಸ್ಪೆರಿಡೋನ್ ತಂದ ಬಿಗಿತಕ್ಕೆ ಇದೂ ಕೂಡಿತು. ಔಷಧಿ ಅಂಗಡಿಯಲ್ಲಿ ಸುಲಭವಾಗಿ ಸಿಗುವ, ಯಾರೂ ಅನುಮಾನಿಸದ ಈ ಮಾತ್ರೆಯನ್ನು ಪ್ರತಿ ಪಟ್ಟಿಯಲ್ಲೂ ಹುಡುಕಬೇಕು.

ತಪಾಸಣೆ

ಮಾತ್ರೆಗೆ ಕೈ ಹಾಕುವ ಮೊದಲು ಒಂದು ವಾರ ಬರೀ ನೋಡಿದ್ದು. ಹಾಸಿಗೆ ಪಕ್ಕ ಒಂದು ಹಾಳೆ, ನಾಲ್ಕು ಅಂಕಣ: ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಏನು ನಡೆಯುತ್ತಿತ್ತು, ಅವರು ಏನು ಮಾಡಿದರು, ಯಾವುದರಿಂದ ತಣ್ಣಗಾದರು. ‘ಗಲಾಟೆ ಮಾಡಿದರು’ ಎಂದು ಬರೆದರೆ ಉಪಯೋಗವಿಲ್ಲ. ‘ಬಲಗಾಲು ಎತ್ತಿದಾಗ ಎಡಗೈಯಿಂದ ಹೊಡೆದರು’ ಎಂದು ಬರೆಸಬೇಕು. ಕನ್ನಡ ಬರೆಯಲು ಬಾರದ ಆಯಾಗಳು ಮೊಬೈಲಿನಲ್ಲಿ ಧ್ವನಿ ಕಳಿಸಿದರು, ಸಿಸ್ಟರ್ ಬರೆದುಕೊಂಡರು.

ಏಳು ದಿನದಲ್ಲಿ 24 ಘಟನೆ. 14 ನಡೆದದ್ದು ಸ್ನಾನ, ಡೈಪರ್ ಬದಲಾವಣೆ, ಬಟ್ಟೆ ತೊಡಿಸುವಾಗ. ಆರು ಸಂಜೆ 5ರಿಂದ 6.30ರ ನಡುವೆ. ರಾತ್ರಿ ಹೊಡೆತ ಒಂದೂ ಇಲ್ಲ. ‘ನಿದ್ದೆ ಇಲ್ಲ’ ಎಂಬುದರ ಲೆಕ್ಕ ಇನ್ನೂ ಸ್ಪಷ್ಟವಾಗಿತ್ತು: 6.45ಕ್ಕೆ ಊಟ, 7.30ಕ್ಕೆ ಹಾಸಿಗೆ, 3.30ಕ್ಕೆ ಎಚ್ಚರ. ಸುಮಾರು ಎಂಟು ಗಂಟೆ ನಿದ್ದೆ ಆಗಿಯೇ ಇತ್ತು. ಜೀವನವಿಡೀ ನಸುಕಿನಲ್ಲೆದ್ದು ಕೊಟ್ಟಿಗೆ ಕೆಲಸ ಮುಗಿಸಿ ಶಾಲೆಗೆ ಹೋದವರು ಎಂದು ಮಗಳು ಹೇಳಿದರು. ಕಾಯಿಲೆ ಇದ್ದದ್ದು ಕೇಂದ್ರದ ವೇಳಾಪಟ್ಟಿಯಲ್ಲಿ. ಎಸ್‌ಒಎಸ್ ಕ್ಲೋನಾಜೆಪಾಮ್ ಒಂದು ತಿಂಗಳಲ್ಲಿ 11 ಸಲ ಹೋಗಿತ್ತು, ಹೆಚ್ಚಿನವು ರಾತ್ರಿ ಪಾಳಿಗೆ ಒಬ್ಬರೇ ಸಿಸ್ಟರ್ ಇದ್ದ ದಿನಗಳಂದು. ಇದರಲ್ಲಿ ಸಿಸ್ಟರ್ ತಪ್ಪೇನೂ ಇಲ್ಲ. 32 ಜನರ ನಡುವೆ ಒಬ್ಬರೇ ನಿಂತಾಗ ಕೈಗೆ ಸಿಗುವ ಸಹಾಯ ಆ ಡಬ್ಬಿಯೊಂದೇ.

ನೋವನ್ನು ಪೇಯ್ನ್‌ಯಾಡ್ ಮಾಪಕದಲ್ಲಿ ಅಳೆದದ್ದು. ಮಾತಿನಲ್ಲಿ ನೋವು ಹೇಳಲಾರದವರ ಉಸಿರಾಟ, ನರಳಾಟ, ಮುಖಭಾವ, ಮೈ ಚಲನೆ, ಸಮಾಧಾನಕ್ಕೆ ಒಗ್ಗುವ ರೀತಿ, ಈ ಐದಕ್ಕೆ ತಲಾ 0ಯಿಂದ 2 ಅಂಕ; ಒಟ್ಟು 10. ಸುಮ್ಮನೆ ಮಲಗಿದ್ದಾಗ 1 ಬಂತು. ಬಲಗಾಲು ಎತ್ತಿ ಬಟ್ಟೆ ತೊಡಿಸುವಾಗ 6. ಮಲಗಿದ್ದಾಗ ಮಾತ್ರ ಅಳೆದು ‘ನೋವಿಲ್ಲ’ ಎಂದು ಬರೆಯುವುದೇ ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು.

ಬಿಪಿ ಐದು ನಿಮಿಷ ಮಲಗಿಸಿ 128/70, ನಿಲ್ಲಿಸಿ ಒಂದು ನಿಮಿಷಕ್ಕೆ 102/60. ಮೇಲಿನ ಅಂಕಿ 20 ಇಳಿದರೇ ಅದು ರೋಗಲಕ್ಷಣ. ನಾಡಿ 54. ಇಸಿಜಿಯಲ್ಲಿ ಕ್ಯೂಟಿಸಿ, ಅಂದರೆ ಹೃದಯದ ವಿದ್ಯುತ್ ಚಟುವಟಿಕೆಯ ಅವಧಿಯ ಅಳತೆ, 468, ತುಸು ಹೆಚ್ಚು. ಸೋಡಿಯಂ 131, ಕಮ್ಮಿ. ಕ್ರಿಯಾಟಿನಿನ್ 1.0, ವರದಿಯಲ್ಲಿ ‘ನಾರ್ಮಲ್’ ಎಂದಿತ್ತು, ಆದರೆ 79 ವರ್ಷ ಮತ್ತು 46 ಕೆಜಿಯನ್ನು ಸೂತ್ರದಲ್ಲಿ ಹಾಕಿದರೆ ಕಿಡ್ನಿಯ ಶೋಧಕ ಶಕ್ತಿ ನಿಮಿಷಕ್ಕೆ ಸುಮಾರು 33 ಮಿ.ಲೀ. ರಿಸ್ಪೆರಿಡೋನಿನ ಸಕ್ರಿಯ ಅಂಶ ಹೊರಹೋಗುವುದು ಮುಖ್ಯವಾಗಿ ಕಿಡ್ನಿಯಿಂದ; 2 ಮಿ.ಗ್ರಾಂ ಈ ಮೈಗೆ ಇನ್ನೂ ಹೆಚ್ಚಾಗಿ ನಾಟುತ್ತಿತ್ತು. ಮೂತ್ರ ಹೋದ ಮೇಲೂ ಚೀಲದಲ್ಲಿ 210 ಮಿ.ಲೀ ಉಳಿದಿತ್ತು. ಗುದಪರೀಕ್ಷೆಯಲ್ಲಿ ಗಟ್ಟಿ ಮಲ. ಎರಡೂ ಕಿವಿಯಲ್ಲಿ ಗುಗ್ಗೆ.

ಮೂತ್ರದ ಕಲ್ಚರಿನಲ್ಲಿ ಬ್ಯಾಕ್ಟೀರಿಯಾ ಬಂತು. ಜ್ವರ ಇಲ್ಲ, ಉರಿ ಇಲ್ಲ, ಕೆಳಹೊಟ್ಟೆ ನೋವಿಲ್ಲ. ಆಂಟಿಬಯಾಟಿಕ್ ಕೊಡಲಿಲ್ಲ. ಆರೈಕೆ ಕೇಂದ್ರದಲ್ಲಿರುವ ಹೆಂಗಸರಲ್ಲಿ ಕಾಲುಭಾಗದಿಂದ ಅರ್ಧದಷ್ಟು ಮಂದಿಗೆ ಯಾವ ಲಕ್ಷಣವಿಲ್ಲದೆಯೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುತ್ತದೆ. ಅದನ್ನೇ ಕೂಗಾಟಕ್ಕೆ ಕಾರಣ ಎಂದುಕೊಂಡರೆ ನಿಜವಾದ ಕಾರಣ ಹುಡುಕುವ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಇನ್ನೊಂದು ಅನುಮಾನ ಮೊದಲೇ ಬಗೆಹರಿಸಬೇಕಿತ್ತು: ಇದು ಲೂಯಿ ಬಾಡಿ ಡಿಮೆನ್ಷಿಯಾ ಆಗಿರಬಹುದೇ? ಆ ಕಾಯಿಲೆಯಲ್ಲಿ ಆಂಟಿಸೈಕೋಟಿಕ್ ಮಾತ್ರೆಗಳು ಜೀವಕ್ಕೇ ಅಪಾಯ ತರಬಲ್ಲವು. ಮಾತ್ರೆ ಶುರುವಾಗುವ ಮೊದಲು ಇಲ್ಲದ ಜನ, ಪ್ರಾಣಿ ಕಾಣುತ್ತಿದ್ದರೇ, ನಿದ್ದೆಯಲ್ಲಿ ಕೈಕಾಲು ಬೀಸುತ್ತಿದ್ದರೇ, ಒಂದೇ ದಿನದಲ್ಲಿ ಎಚ್ಚರ ಏರಿಳಿಯುತ್ತಿತ್ತೇ, ಬಿಗಿತ ಮೊದಲೇ ಇತ್ತೇ ಎಂದು ಮಗಳನ್ನು ಕೇಳಿದಾಗ ನಾಲ್ಕಕ್ಕೂ ಇಲ್ಲ ಎಂದರು. ಬಿಗಿತ ರಿಸ್ಪೆರಿಡೋನ್ ನಂತರದ್ದು.

ಮನೆಯವರೊಂದಿಗೆ ಮಾತು

ಮಗಳ ಮೊದಲ ಪ್ರಶ್ನೆ: “ಮತ್ತೆ ಹೊಡಿಯಕ್ಕೆ ಶುರು ಮಾಡಿದ್ರೆ ಅಮ್ಮನ್ನ ಇಲ್ಲೇ ಇಟ್ಕೊಳ್ತೀರಾ ಸಿಸ್ಟರ್?” ಮಾತ್ರೆ ಇಳಿಸಲು ಕುಟುಂಬ ಹಿಂಜರಿಯುವುದರ ಹಿಂದೆ ಹಲವು ಸಲ ಈ ಭಯವೇ ಇರುತ್ತದೆ. ಔಷಧಿಯ ಅಪಾಯ ವಿವರಿಸುವ ಮೊದಲು ಇದಕ್ಕೆ ಉತ್ತರ ಕೊಡಬೇಕು. ಇಳಿಸುವ ಅವಧಿಯಲ್ಲಿ ವರ್ತನೆಯ ಕಾರಣಕ್ಕೆ ಯಾರನ್ನೂ ಹೊರಗೆ ಕಳಿಸುವುದಿಲ್ಲ ಎಂದು ಕೇಂದ್ರದ ವ್ಯವಸ್ಥಾಪಕರು ಬರೆದುಕೊಟ್ಟರು. ಆಮೇಲೆಯೇ ಮಾತು ಮುಂದೆ ಹೋಯಿತು.

ವಿಡಿಯೊ ಕರೆಯಲ್ಲಿದ್ದ ಮಗನಿಗೆ ಅಂಕಿ ಬೇಕಿತ್ತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2005ರಲ್ಲಿ 17 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸುಮಾರು ಹತ್ತು ವಾರದ ಅವಧಿಯಲ್ಲಿ ಹೊಸ ಪೀಳಿಗೆಯ ಆಂಟಿಸೈಕೋಟಿಕ್ ತೆಗೆದುಕೊಂಡ ಡಿಮೆನ್ಷಿಯಾ ರೋಗಿಗಳಲ್ಲಿ ಸಾವು ಶೇ 4.5, ಔಷಧಿಯೇ ಇಲ್ಲದ ಸಪ್ಪೆ ಮಾತ್ರೆ ತೆಗೆದುಕೊಂಡವರಲ್ಲಿ ಶೇ 2.6. ಅಲ್ಲಿಂದ ಈ ಮಾತ್ರೆಗಳ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಬಂತು. 2008ರಲ್ಲಿ ಹ್ಯಾಲೊಪೆರಿಡಾಲ್ ಥರದ ಹಳೆಯವಕ್ಕೂ ವಿಸ್ತರಿಸಿತು. ಬ್ರಿಟನ್ನಿನ ಆರೈಕೆ ಕೇಂದ್ರಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮಾತ್ರೆ ಮುಂದುವರಿಸಿದವರಲ್ಲಿ ಎರಡು ವರ್ಷಕ್ಕೆ ಶೇ 46 ಮಂದಿ ಬದುಕಿದ್ದರು, ನಿಲ್ಲಿಸಿದವರಲ್ಲಿ ಶೇ 71. ಇನ್ನೊಂದು ಬದಿಯನ್ನೂ ಹೇಳಬೇಕು, ಹೇಳಿದ್ದೂ ಆಯಿತು: ರಿಸ್ಪೆರಿಡೋನಿನಿಂದ ನಿಜವಾಗಿ ಗುಣ ಕಂಡವರಲ್ಲಿ, ಅದರಲ್ಲೂ ಇಲ್ಲದ ದನಿ ಕೇಳುವಂಥ ತೀವ್ರ ಭ್ರಮೆ ಇದ್ದವರಲ್ಲಿ, ನಿಲ್ಲಿಸಿದಾಗ ಲಕ್ಷಣ ಮರಳುವ ಸಾಧ್ಯತೆ ಹೆಚ್ಚು. ಈ ತಾಯಿಗೆ ಅಂಥ ಭ್ರಮೆ ಇರಲಿಲ್ಲ. ಗುಣ ಕಂಡಿದ್ದರೂ ನಾಲ್ಕು ತಿಂಗಳೊಳಗೆ ಇಳಿಸಿ ನೋಡಬೇಕೆಂದು ಅಮೆರಿಕದ ಮನೋವೈದ್ಯರ ಸಂಘದ 2016ರ ಮಾರ್ಗಸೂಚಿ ಹೇಳುತ್ತದೆ. ಇಲ್ಲಿ 14 ತಿಂಗಳಾಗಿತ್ತು.

ಒಪ್ಪಿಗೆಯಲ್ಲಿ ಒಂದು ಸಾಲು ಪ್ರತ್ಯೇಕ: ಮಾತ್ರೆಯನ್ನು ಪುಡಿಮಾಡಿ ಮೊಸರನ್ನಕ್ಕೆ ಬೆರೆಸುತ್ತಿದ್ದದ್ದು. ಕುಟುಂಬಕ್ಕೆ ಇದು ಗೊತ್ತೇ ಇರಲಿಲ್ಲ. ವ್ಯಕ್ತಿಗೆ ತಿಳಿಯದಂತೆ ಔಷಧಿ ಕೊಡುವುದು ವೈದ್ಯರ ಆದೇಶ ಮತ್ತು ಪ್ರತಿನಿಧಿಯ ಲಿಖಿತ ಒಪ್ಪಿಗೆ ಎರಡೂ ಇಲ್ಲದೆ ನಡೆಯಬಾರದು. ಜೊತೆಗೆ ಪ್ಯಾಂಟೊಪ್ರಜೋಲ್ ಮಾತ್ರೆಯ ಹೊದಿಕೆ ಒಡೆದರೆ ಅದು ಹೊಟ್ಟೆಯ ಆಮ್ಲದಲ್ಲೇ ಹಾಳಾಗುತ್ತದೆ. ಕ್ವೆಟಿಯಾಪಿನ್ನಿನ ನಿಧಾನವಾಗಿ ಬಿಡುಗಡೆಯಾಗುವ ಬಗೆಯನ್ನು ಪುಡಿಮಾಡಿದರೆ ಇಡೀ ದಿನದ ಪ್ರಮಾಣ ಒಮ್ಮೆಗೇ ಮೈಗೆ ಸೇರುತ್ತದೆ.

ಮೊದಲ ಎರಡು ವಾರ

ಮನಸ್ಸಿನ ಮೇಲೆ ಕೆಲಸ ಮಾಡುವ ನಿತ್ಯದ ಮಾತ್ರೆಗಳ ಪ್ರಮಾಣವನ್ನು ಈ ಹಂತದಲ್ಲಿ ಮುಟ್ಟಲಿಲ್ಲ. ಹಂತಹಂತವಾಗಿ ಇಳಿಸುವ ಅಗತ್ಯವಿಲ್ಲದ, ಹಾನಿ ಸ್ಪಷ್ಟವಾಗಿದ್ದ ಔಷಧಿಗಳು ಮೊದಲು ಹೋದವು: ಸೋಲಿಫೆನಾಸಿನ್, ಸಿನ್ನಾರಿಜಿನ್, ಬಿಪಿ ಮಾತ್ರೆಯಲ್ಲಿನ ಹೈಡ್ರೋಕ್ಲೋರೋಥಯಾಜೈಡ್. ಮೂರು ತಿಂಗಳ ಸಕ್ಕರೆ ಸರಾಸರಿ 6.1 ಇದ್ದದ್ದರಿಂದ, ತೂಕ ಕಳೆದುಕೊಳ್ಳುತ್ತಿದ್ದವರಿಗೆ ಮೆಟ್‌ಫಾರ್ಮಿನ್ ಕೂಡ ನಿಂತಿತು. ಎಸ್‌ಒಎಸ್ ಆದೇಶ ಹೊಡೆದುಹಾಕಿದ್ದು ಅವತ್ತೇ. ಅಮೆರಿಕದ ನರ್ಸಿಂಗ್ ಹೋಮ್ ನಿಯಮಗಳಲ್ಲಿ ಬೇಕೆಂದಾಗ ಕೊಡುವ ಆಂಟಿಸೈಕೋಟಿಕ್ ಆದೇಶಕ್ಕೆ 14 ದಿನದ ಮಿತಿ ಇದೆ, ಮುಂದುವರಿಸಲು ವೈದ್ಯರು ಖುದ್ದಾಗಿ ನೋಡಬೇಕು. ನಮ್ಮಲ್ಲಿ ಅಂಥ ಮಿತಿಯನ್ನು ಕೇಂದ್ರವೇ ಹಾಕಿಕೊಳ್ಳಬೇಕು.

ಡೊನೆಪೆಜಿಲ್ ರಾತ್ರಿಯಿಂದ ಬೆಳಗ್ಗೆಗೆ ಬಂತು. ರಾತ್ರಿ ಕೊಟ್ಟರೆ ಕೆಲವರಿಗೆ ಕೆಟ್ಟ ಕನಸು, ಎಚ್ಚರ ಹೆಚ್ಚು. ಪ್ರಮಾಣ ಅಷ್ಟೇ ಇಟ್ಟದ್ದು, ಮುಂದೆ ನೋಡೋಣ ಎಂದು.

ಪ್ಯಾರಾಸಿಟಮಾಲ್ 650 ಮಿ.ಗ್ರಾಂ ದಿನಕ್ಕೆ ಮೂರು ಸಲ, ಕೇಳಿದಾಗಲ್ಲ, ಹೊತ್ತಿಗೆ ಸರಿಯಾಗಿ. ಒಟ್ಟು 1,950 ಮಿ.ಗ್ರಾಂ, ಈ ತೂಕಕ್ಕೆ ಎರಡು ಗ್ರಾಂ ದಾಟಿಸುವುದಿಲ್ಲ. ಶೀತದ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೆಳಗಿನ ಮಾತ್ರೆ ಸ್ನಾನಕ್ಕಿಂತ ಒಂದು ಗಂಟೆ ಮುಂಚೆ. ನಾರ್ವೆಯ ನರ್ಸಿಂಗ್ ಹೋಮ್‌ಗಳಲ್ಲಿ 352 ನಿವಾಸಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಂತಹಂತವಾದ ನೋವಿನ ಚಿಕಿತ್ಸೆಯೊಂದರಿಂದಲೇ ಎಂಟು ವಾರದಲ್ಲಿ ಉದ್ರೇಕ ಶೇ 17ರಷ್ಟು ಇಳಿದಿತ್ತು; ಅಲ್ಲಿ ಹೆಚ್ಚಿನವರಿಗೆ ಕೊಟ್ಟದ್ದು ಪ್ಯಾರಾಸಿಟಮಾಲನ್ನೇ.

ಮಲಬದ್ಧತೆಗೆ ಮೊದಲು ಗುದದ ಮಾತ್ರೆ, ಆಮೇಲೆ ದಿನಾ ರಾತ್ರಿ ಲ್ಯಾಕ್ಟುಲೋಸ್ 15 ಮಿ.ಲೀ. ಇಸಬ್ಗೋಲ್ ಬೇಡ. ಸಾಕಷ್ಟು ನೀರು ಕುಡಿಯದವರಲ್ಲಿ ಅದು ಹೊಟ್ಟೆಯೊಳಗೆ ಗಟ್ಟಿಯಾಗಿ ಕೂರುತ್ತದೆ, ನುಂಗಲು ತೊಡಕಿರುವವರಿಗೆ ಗಂಟಲಲ್ಲೂ ಸಿಕ್ಕಿಕೊಳ್ಳಬಹುದು. ಕಿವಿಗೆ ಐದು ದಿನ ಹನಿ ಹಾಕಿ ಗುಗ್ಗೆ ತೆಗೆಸಿದರು.

ಸ್ನಾನ

ದೊಡ್ಡ ಬದಲಾವಣೆ ಇಲ್ಲಿಯೇ ಆದದ್ದು, ಆದ್ದರಿಂದ ಸ್ವಲ್ಪ ವಿವರ. ಮೊದಲು 6.30ಕ್ಕೆ, ರಾತ್ರಿ ಪಾಳಿಯವರು ಮನೆಗೆ ಹೋಗುವ ಮುನ್ನ, ಇಬ್ಬರು ಸೇರಿ ಎತ್ತಿ, ಶವರಿನ ಕೆಳಗೆ. ಆಯಾಗಳು ಜಾರ್ಖಂಡ್, ಒಡಿಶಾ ಕಡೆಯ ಹುಡುಗಿಯರು, ಹಿಂದಿಯಲ್ಲಿ ಮಾತು. ಈ ತಾಯಿಗೆ ನಡುವಯಸ್ಸಿನಲ್ಲಿ ಕಲಿತ ಹಿಂದಿ ಎಂದೋ ಅಳಿಸಿಹೋಗಿದೆ. ಕಿವಿ ಬೇರೆ ಕಟ್ಟಿದೆ. ಅರ್ಥವಾಗದ ಮಾತಾಡುತ್ತ ಅಪರಿಚಿತರು ಸೀರೆ ಬಿಚ್ಚಿ, ನೋಯುವ ಕಾಲು ಎಳೆದು, ತಲೆಯ ಮೇಲೆ ನೀರು ಸುರಿದರೆ ಯಾರಾದರೂ ಹೊಡೆಯುತ್ತಾರೆ.

ಹೊಸ ಕ್ರಮ: 8.30ಕ್ಕೆ ತಿಂಡಿ, ಪ್ಯಾರಾಸಿಟಮಾಲ್. 9.30ಕ್ಕೆ ಸ್ನಾನ. ಒಬ್ಬಳೇ ಆಯಾ, ವಾರವಿಡೀ ಅವಳೇ. ಇನ್ನೊಬ್ಬರು ಬಾಗಿಲ ಹೊರಗೆ. ಕುರ್ಚಿಯಲ್ಲಿ ಕೂರಿಸಿ ಬಕೆಟ್, ಚೊಂಬು. ಹೆಗಲಿಂದ ಮಂಡಿಯವರೆಗೆ ಹತ್ತಿ ಪಂಚೆ ಹೊದಿಸಿ, ಅದರ ಮೇಲೆಯೇ ನೀರು. ಶುರು ಪಾದದಿಂದ, ಮೊದಲು ನೀರನ್ನು ಅವರ ಕೈಯಿಂದಲೇ ಮುಟ್ಟಿಸಿ. ಬಲಗಾಲನ್ನು ಎತ್ತುವುದಿಲ್ಲ, ಸರಿಸುತ್ತಾರೆ. ತಲೆಸ್ನಾನ ವಾರಕ್ಕೆ ಒಂದು, ಪ್ರತ್ಯೇಕ ದಿನ. ವಾರದಲ್ಲಿ ಮೂರು ದಿನ ಸ್ನಾನ ಇಲ್ಲ. ಬಿಸಿನೀರಲ್ಲಿ ಹಿಂಡಿದ ಬಟ್ಟೆಯಿಂದ ಮಂಚದಲ್ಲೇ ಒರೆಸುವುದು. ದಿನಾ ಸ್ನಾನ ಆಗಲೇಬೇಕೆಂದು ಪಟ್ಟು ಹಿಡಿದದ್ದು ಮಗಳು. ಮೈ ಶುಚಿಯಾಗಿದ್ದರೆ ಸಾಕು ಎಂದು ಒಪ್ಪಿಸಲು ಸಮಯ ಹಿಡಿಯಿತು.

ಆಯಾಗೆ ಹತ್ತು ಕನ್ನಡ ವಾಕ್ಯ ಕಲಿಸಿದರು. “ಅಕ್ಕೋರೆ, ನೀರು ಬಿಸಿ ಇದೆ ನೋಡಿ.” “ಈಗ ಕಾಲು ತೊಳೀತೀನಿ.” “ಆಯ್ತು, ಮುಗೀತು.” ಶಾಲೆಯಲ್ಲಿ ಮಕ್ಕಳು ಕರೆಯುತ್ತಿದ್ದದ್ದು ಅಕ್ಕೋರೆ ಎಂದು, ಅಜ್ಜಿ ಎಂದರೆ ತಿರುಗಿ ನೋಡದವರು ಅದಕ್ಕೆ ಓಗೊಟ್ಟರು.

ಎರಡು ವಾರದ ಕೊನೆಗೆ ಸ್ನಾನದ ಹೊತ್ತಿನ ಘಟನೆ 14ರಿಂದ ವಾರಕ್ಕೆ ಐದಕ್ಕೆ ಇಳಿಯಿತು. ಒಂದೂ ಆಂಟಿಸೈಕೋಟಿಕ್ ಬದಲಾಗಿರಲಿಲ್ಲ. ನಿಂತಾಗಿನ ಬಿಪಿ 116, ಸೋಡಿಯಂ 136, ಮೂತ್ರಚೀಲದಲ್ಲಿ ಉಳಿಯುವುದು 90 ಮಿ.ಲೀ. ಮಾತ್ರೆ ಇಳಿಸುವುದನ್ನು ಶುರುಮಾಡಬೇಕಾದದ್ದು ಇಂಥ ನೆಲ ಸಿದ್ಧವಾದ ಮೇಲೆ. ಮೊದಲೇ ಇಳಿಸಿದ್ದರೆ ನೋವಿಗೆ ಹೊಡೆದ ಪ್ರತಿ ಏಟೂ ‘ಮಾತ್ರೆ ಕಮ್ಮಿ ಮಾಡಿದ್ದಕ್ಕೆ’ ಎಂಬ ಖಾತೆಗೆ ಹೋಗುತ್ತಿತ್ತು, ಪ್ರಯತ್ನ ಅಲ್ಲಿಗೇ ಮುಗಿಯುತ್ತಿತ್ತು.

ಯಾವುದು ಮೊದಲು

ನಿಯಮ ಒಂದೇ: ಒಮ್ಮೆಗೆ ಒಂದು ಮನೋಔಷಧಿ, ಎರಡು ಹೆಜ್ಜೆಗಳ ನಡುವೆ ಕನಿಷ್ಠ ಎರಡು ವಾರ. ಯಾವುದರಿಂದ ಶುರು ಎಂಬುದರಲ್ಲಿ ಭಿನ್ನಾಭಿಪ್ರಾಯಕ್ಕೆ ಜಾಗ ಇದೆ. ಬಿಗಿತ ತಂದದ್ದು ರಿಸ್ಪೆರಿಡೋನ್, ಆದ್ದರಿಂದ ಅದೇ ಮೊದಲು ಎಂದು ವಾದಿಸಬಹುದು. ಇಲ್ಲಿ ಕ್ವೆಟಿಯಾಪಿನ್ ಮೊದಲಾಯಿತು. ಕೊನೆಗೆ ಸೇರಿದ್ದು ಅದು; ಯಾವ ಸಂಜೆಯ ಕೂಗಿಗೆ ಕೊಟ್ಟಿದ್ದರೋ ಆ ಕೂಗು ಹಾಗೆಯೇ ಇತ್ತು; ಪ್ರಮಾಣ ಸಣ್ಣದು, ಎರಡೇ ಹೆಜ್ಜೆಯಲ್ಲಿ ಮುಗಿಯುತ್ತದೆ. ಜೊತೆಗೆ ಮೊದಲ ಮಾತ್ರೆ ಸಲೀಸಾಗಿ ಇಳಿದರೆ ಸಿಬ್ಬಂದಿಗೆ ಧೈರ್ಯ ಬರುತ್ತದೆ, ಅದು ಮುಂದಿನ ನಾಲ್ಕು ತಿಂಗಳಿಗೆ ಬೇಕು. ಕ್ಲೋನಾಜೆಪಾಮ್ ಕೊನೆಗೆ. ಅದನ್ನು ಮುಟ್ಟಿದಾಗ ಬರುವ ನಿದ್ದೆಗೇಡು ಉಳಿದೆಲ್ಲ ಲೆಕ್ಕವನ್ನೂ ಕಲಸಿಬಿಡುತ್ತದೆ.

ಸೇರುಮಾತ್ರೆಯನ್ನು ಅರ್ಧ ಮುರಿದು ಇಳಿಸುವಂತಿಲ್ಲ. ಎರಡೂ ಔಷಧಿ ಒಟ್ಟಿಗೆ ಅರ್ಧವಾಗುತ್ತವೆ. ಟ್ರೈಹೆಕ್ಸಿಫೆನಿಡಿಲ್ ಒಮ್ಮೆಗೇ ನಿಲ್ಲಿಸಿದರೆ ವಾಕರಿಕೆ, ಬೆವರು, ಚಡಪಡಿಕೆ, ಮುಚ್ಚಿದ್ದ ಬಿಗಿತ ಹೊರಬೀಳುವುದು ಎಲ್ಲ ಆಗಬಹುದು. ಆದ್ದರಿಂದ ಮೊದಲು ಬಿಡಿ ಮಾತ್ರೆಗಳಿಗೆ ಬದಲಾಯಿಸಬೇಕು. ನಡೆದ ಕ್ರಮ:

3ನೇ ವಾರ: ಕ್ವೆಟಿಯಾಪಿನ್ 25.
5ನೇ ವಾರ: ಕ್ವೆಟಿಯಾಪಿನ್ ಬಂದ್.
7ನೇ ವಾರ: ಬಿಡಿ ರಿಸ್ಪೆರಿಡೋನ್ 1.5, ಟ್ರೈಹೆಕ್ಸಿಫೆನಿಡಿಲ್ 2.
9ನೇ ವಾರ: ರಿಸ್ಪೆರಿಡೋನ್ 1, ಟ್ರೈಹೆಕ್ಸಿಫೆನಿಡಿಲ್ 1.
11ನೇ ವಾರ: ರಿಸ್ಪೆರಿಡೋನ್ 0.5, ಟ್ರೈಹೆಕ್ಸಿಫೆನಿಡಿಲ್ ಬಂದ್.
15ನೇ ವಾರ: ರಿಸ್ಪೆರಿಡೋನ್ 0.25.
17ನೇ ವಾರ: ಬಂದ್.

9 ಮತ್ತು 11ನೇ ವಾರಗಳಲ್ಲಿ ಎರಡು ಒಟ್ಟಿಗೆ ಇಳಿದದ್ದು ನಿಯಮಕ್ಕೆ ಅಪವಾದ. ರಿಸ್ಪೆರಿಡೋನ್ ಅರ್ಧವಾದ ಮೇಲೆ ಅದರ ಬಿಗಿತಕ್ಕೆಂದೇ ಇದ್ದ ಔಷಧಿಯನ್ನು ಪೂರ್ತಿ ಇಟ್ಟುಕೊಳ್ಳಲು ಕಾರಣ ಉಳಿಯುವುದಿಲ್ಲ.

ಪ್ರತಿ ಹೆಜ್ಜೆಗೂ ಒಂದೇ ನಿಗಾ: ಸ್ನಾನದ ಹೊತ್ತಿನ ಪೇಯ್ನ್‌ಯಾಡ್ ದಿನಾ, ನಿಂತಾಗಿನ ಬಿಪಿ ವಾರಕ್ಕೊಮ್ಮೆ, ಮಲದ ಚಾರ್ಟ್, ತೂಕ ತಿಂಗಳಿಗೊಮ್ಮೆ, ಕೋಹೆನ್-ಮ್ಯಾನ್ಸ್‌ಫೀಲ್ಡ್ ಉದ್ರೇಕ ಮಾಪಕ ಎರಡು ವಾರಕ್ಕೊಮ್ಮೆ. ಈ ಮಾಪಕದಲ್ಲಿ 29 ವರ್ತನೆಗೆ ತಲಾ 1ರಿಂದ 7 ಅಂಕ. ತುಂಬುವವರು ಒಬ್ಬರೇ ಇರಬೇಕು. ಕೈ ಬದಲಾದರೆ ಅಂಕ ನಂಬುವಂತಿಲ್ಲ. ಶುರುವಿನಲ್ಲಿ 84 ಇತ್ತು.

12ನೇ ವಾರದ ತೊಡಕು

ರಿಸ್ಪೆರಿಡೋನ್ 0.5ಕ್ಕೆ ಬಂದ ಎಂಟನೇ ದಿನ ಸ್ನಾನದಲ್ಲಿ ಮತ್ತೆ ಹೊಡೆತ. ನಾಲ್ಕು ದಿನದಲ್ಲಿ ಏಳು ಘಟನೆ. ಮಾತ್ರೆ ಹಿಂದಕ್ಕೆ ಏರಿಸಿ ಎಂದು ಒತ್ತಾಯ ಬಂತು, ಮಗಳಿಂದಲೂ.

ಏರಿಸುವ ಮೊದಲು ನೋಡಲೇಬೇಕಾದ ಪಟ್ಟಿ ಸಿಸ್ಟರ್ ಕೋಣೆಯ ಗೋಡೆ ಮೇಲಿತ್ತು: ನೋವು, ಮಲ, ಮೂತ್ರ, ಜ್ವರ, ಬಿಪಿ, ಶುಗರ್, ನೀರು ಕುಡಿದದ್ದು, ಹೊಸ ಔಷಧಿ, ಹೊಸ ಮುಖ. ಮೊದಲ ಎಂಟೂ ಸರಿಯಿದ್ದವು. ಒಂಬತ್ತನೆಯದರಲ್ಲಿ ಸಿಕ್ಕಿತು. ನಿತ್ಯದ ಆಯಾ ದೀಪಾವಳಿಗೆ ಊರಿಗೆ ಹೋಗಿದ್ದಳು, ಮೂರು ವಾರ ರಜೆ. ಬದಲಿಗೆ ಬಂದವರು ಹಳೆಯ ಅಭ್ಯಾಸದಂತೆ 6.30ಕ್ಕೆ, ಇಬ್ಬರು ಸೇರಿ, ಮಾತ್ರೆಗೆ ಮುಂಚೆ ಸ್ನಾನ ಮಾಡಿಸುತ್ತಿದ್ದರು. ಸ್ನಾನದ ಕ್ರಮ ಹಳೆಯ ಆಯಾಳ ತಲೆಯಲ್ಲಿತ್ತೇ ಹೊರತು ಹಾಳೆಯಲ್ಲಿರಲಿಲ್ಲ.

ಪ್ರಮಾಣ ಏರಿಸಲಿಲ್ಲ, ಇಳಿಸಲೂ ಇಲ್ಲ, 0.5ರಲ್ಲೇ ಎರಡು ವಾರ ಹೆಚ್ಚಿಗೆ ನಿಲ್ಲಿಸಿದ್ದು. ಸ್ನಾನದ ಕ್ರಮವನ್ನು ಚಿತ್ರಸಹಿತ ಒಂದು ಹಾಳೆಗಿಳಿಸಿ ಬಚ್ಚಲ ಬಾಗಿಲಿಗೆ ಅಂಟಿಸಿದರು. ಹಳೆಯ ಆಯಾ ಊರಿಂದಲೇ ಹೊಸಬಳಿಗೆ ಫೋನಿನಲ್ಲಿ ಹೇಳಿಕೊಟ್ಟಳು. ಹತ್ತು ದಿನದಲ್ಲಿ ಘಟನೆಗಳು ಮೊದಲಿನ ಮಟ್ಟಕ್ಕೆ ಇಳಿದವು.

ಯಾವಾಗ ನಿಜವಾಗಿ ಹಿಂದೆ ಹೋಗಬೇಕು ಎಂಬುದೂ ಮೊದಲೇ ಬರೆದಿತ್ತು: ಈ ಒಂಬತ್ತೂ ನೋಡಿಯಾದ ಮೇಲೆ, ವಾರದಲ್ಲಿ ಮೂರು ದಿನ ತನಗೋ ಇತರರಿಗೋ ಗಾಯವಾಗುವಂಥ ವರ್ತನೆ, ಅಥವಾ ಒಂದು ದಿನ ಪೂರ್ತಿ ಅನ್ನ ನೀರು ಬಿಟ್ಟರೆ, ಅಥವಾ ಹೆದರಿಸುವ ಭ್ರಮೆ ಕಂಡರೆ, ಹಿಂದಿನ ಹೆಜ್ಜೆಯ ಪ್ರಮಾಣಕ್ಕೆ ಮರಳುವುದು, ಮೂಲ 2 ಮಿ.ಗ್ರಾಂಗಲ್ಲ. ಹ್ಯಾಲೊಪೆರಿಡಾಲ್ ಜೊತೆ ಪ್ರೊಮೆಥಜಿನ್ ಸೇರಿಸಿದ ಇಂಜೆಕ್ಷನ್ ತುರ್ತಿನಲ್ಲಿ ಚಾಲ್ತಿಯಲ್ಲಿದೆ, ಅದನ್ನು ಇವರಿಗೆ ಕೊಡಬಾರದೆಂದು ಕೇಸ್ ಶೀಟಿನ ಮೊದಲ ಪುಟದಲ್ಲೇ ಬರೆದರು. ಪ್ರೊಮೆಥಜಿನ್ ಕೂಡ ಅಸಿಟೈಲ್‌ಕೋಲಿನ್ ತಡೆಯುವ ಗುಂಪಿನದೇ.

ಕ್ಲೋನಾಜೆಪಾಮ್

19ನೇ ವಾರದಿಂದ 0.5, 0.375, 0.25, 0.125, ಬಂದ್, ಪ್ರತಿ ಹೆಜ್ಜೆಗೆ ಎರಡು ವಾರ. 0.25ರ ಮಾತ್ರೆಯನ್ನು ಅರ್ಧ ಮಾಡಿದರೆ ಎಲ್ಲ ಹೆಜ್ಜೆಯೂ ಸಿಗುತ್ತವೆ. ಇದು ಮೈಯಲ್ಲಿ ಬಹಳ ಹೊತ್ತು ಉಳಿಯುವ ಔಷಧಿ, ಅರ್ಧ ಪ್ರಮಾಣ ಇಳಿಯಲು 30ರಿಂದ 40 ಗಂಟೆ. ಇಳಿಸಿದ ಮೊದಲ ಎರಡು ರಾತ್ರಿ ಏನೂ ಆಗುವುದಿಲ್ಲ. ಮೂರನೆಯದರಿಂದ ಆರನೆಯದರವರೆಗೆ ನಿದ್ದೆ ಕೆಡುತ್ತದೆ, ಆಮೇಲೆ ಕೂರುತ್ತದೆ. ಇದನ್ನು ರಾತ್ರಿ ಪಾಳಿಯವರಿಗೆ ಮೊದಲೇ ಹೇಳದಿದ್ದರೆ ನಾಲ್ಕನೇ ರಾತ್ರಿ ಮಾತ್ರೆ ವಾಪಸ್ ಬರುತ್ತದೆ.

ಮಾತ್ರೆಯ ಜಾಗಕ್ಕೆ ಬಂದದ್ದು ವೇಳಾಪಟ್ಟಿ. ಊಟ 8ಕ್ಕೆ, ಹಾಸಿಗೆ 9.30ಕ್ಕೆ. ಮಧ್ಯಾಹ್ನದ ನಿದ್ದೆ ಒಂದು ಗಂಟೆ, ಕುರ್ಚಿಯಲ್ಲಲ್ಲ, ಮಂಚದಲ್ಲಿ. ಬೆಳಗ್ಗೆ ಅಂಗಳದ ಬಿಸಿಲಲ್ಲಿ ಅರ್ಧ ಗಂಟೆ. 4.30ಕ್ಕೆ ಎಚ್ಚರವಾದರೆ ಎದ್ದುಕೊಳ್ಳಲಿ; ರಾತ್ರಿ ಪಾಳಿಯವರು ಒಂದು ಲೋಟ ಬಿಸಿ ಹಾಲು ಕೊಟ್ಟು ತಮ್ಮ ಜೊತೆಗೇ ಕೂರಿಸಿಕೊಳ್ಳುತ್ತಾರೆ.

ಆರೂವರೆ ತಿಂಗಳಿಗೆ

ರಿಸ್ಪೆರಿಡೋನ್, ಟ್ರೈಹೆಕ್ಸಿಫೆನಿಡಿಲ್, ಕ್ವೆಟಿಯಾಪಿನ್, ಕ್ಲೋನಾಜೆಪಾಮ್ ನಾಲ್ಕೂ ನಿಂತಿವೆ. ಉದ್ರೇಕ ಮಾಪಕ 53. ಕೊನೆಯ ಮೂರು ತಿಂಗಳಲ್ಲಿ ಬಿದ್ದಿಲ್ಲ. ಜೊಲ್ಲು ನಿಂತಿದೆ, ತೂಕ 48.5. ಕ್ಯೂಟಿಸಿ 438. ಕಾಲೆಳೆತ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಔಷಧಿ ತಂದ ಬಿಗಿತ ಕರಗಲು ತಿಂಗಳುಗಳು ಬೇಕು. ರಿಸ್ಪೆರಿಡೋನ್ ನಿಂತು ಆರು ತಿಂಗಳಾದರೂ ಉಳಿದರೆ ಒಳಗೊಳಗೇ ಪಾರ್ಕಿನ್ಸನ್ ಬಗೆಯ ಕಾಯಿಲೆ ಇದೆಯೇ ಎಂದು ನರರೋಗ ತಜ್ಞರಿಗೆ ತೋರಿಸಬೇಕು. ನಿಲ್ಲಿಸಿದ ನಂತರ ತುಟಿ ಚಪ್ಪರಿಸುವುದು, ನಾಲಿಗೆ ಹೊರಳಿಸುವುದು ಕಾಣಿಸಿಕೊಳ್ಳಬಹುದು; ಮೂರು ವಾರ ಹಾಗೇ ಇತ್ತು, ತಾನೇ ಇಳಿಯಿತು. ಅದನ್ನು ಕಂಡು ಮಾತ್ರೆ ಮತ್ತೆ ಶುರುಮಾಡುವುದು ದೊಡ್ಡ ತಪ್ಪು. ನಿಂತ ಮೇಲೆ ನಾಲ್ಕು ತಿಂಗಳು, ತಿಂಗಳಿಗೊಮ್ಮೆಯಾದರೂ ನಿಗಾ ಮುಂದುವರಿಯಬೇಕು.

ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಜೊತೆಗೆ ಹೋಗಲೆಂದು ಒಂದು ಪುಟ ಸಿದ್ಧವಿದೆ: ನಿಲ್ಲಿಸಿದ ಔಷಧಿ, ದಿನಾಂಕ, ಕಾರಣ, ಸನ್ನಿ ಬಂದು ಅನಿವಾರ್ಯವಾಗಿ ಆಂಟಿಸೈಕೋಟಿಕ್ ಕೊಟ್ಟರೆ ಕನಿಷ್ಠ ಪ್ರಮಾಣ, ಡಿಸ್ಚಾರ್ಜ್ ಚೀಟಿಯಲ್ಲಿ ನಿಲ್ಲಿಸುವ ದಿನ ಬರೆಯಬೇಕೆಂಬ ಕೋರಿಕೆ.

ಡೊನೆಪೆಜಿಲ್ 5ಕ್ಕೆ ಇಳಿದಿದೆ. ನಾಡಿ 62ಕ್ಕೆ ಏರಿತು, ಮೂತ್ರದ ಅವಸರ ಕಮ್ಮಿಯಾಯಿತು. ಪೂರ್ತಿ ನಿಲ್ಲಿಸಿದರೆ ಕೆಲವರ ಅರಿವು ಬೇಗ ಕುಸಿಯುವುದುಂಟು, ಹಾಗಾಗಿ ಸದ್ಯಕ್ಕೆ ಇಷ್ಟೇ.

ಬಗೆಹರಿಯದೆ ಉಳಿದದ್ದು ಸಂಜೆಯ ಕೂಗು. ವಾರದಲ್ಲಿ ಎರಡು ಮೂರು ದಿನ ಈಗಲೂ ಇದೆ. 5 ಗಂಟೆಗೆ ಪಾಳಿ ಬದಲಾಗುವ ಗದ್ದಲ, ದೀಪ ಹಚ್ಚದ ಮಬ್ಬು ಕೋಣೆ, “ಮನೆಗೆ ಹೋಗಬೇಕು, ದೀಪ ಹಚ್ಚಬೇಕು” ಎಂಬ ಹಂಬಲ ಮೂರೂ ಒಟ್ಟಿಗೆ ಬರುತ್ತವೆ. 4.30ಕ್ಕೇ ಕೋಣೆಯ ದೀಪ ಹಾಕಿ, ಬುಟ್ಟಿಯಲ್ಲಿ ಹರಿವೆ ಸೊಪ್ಪು ಕೊಟ್ಟರೆ ಅರ್ಧ ಗಂಟೆ ಸೋಸುತ್ತ ಕೂರುತ್ತಾರೆ. ಭಾನುವಾರ ಮಗಳು ಬಂದ ದಿನ ಕೂಗು ಇಲ್ಲ. ಮುಂದಿನ ತಿಂಗಳಿಂದ ಈ ತಾಯಿಯ ಮಟ್ಟಿಗೆ ಪಾಳಿ ಬದಲಾವಣೆಯನ್ನು 4 ಗಂಟೆಗೆ ಹಿಂದೂಡಿ ನೋಡುವುದೆಂದು ತೀರ್ಮಾನವಾಗಿದೆ.